ಕೊನೆಯ ಉಕಾರ

ಶನಿವಾರ ಮೂರೂವರೆಗೆ, ಪೆರ್ಲದ ಪೇಟೆಯಲ್ಲಿ
ರೇಷನ್ ಅಂಗಡಿಯ ಮೇಲಿನ ಕೋಣೆ.
ಬೆಂಚು ಎರಡು, ಬೋರ್ಡು ಅರ್ಧ;
ಉಳಿದರ್ಧ ಕುಟುಂಬಶ್ರೀಯ ಸಾಲದ ಲೆಕ್ಕ, ಅಳಿಸುವ ಹಾಗಿಲ್ಲ.
ಕಲಿಯಲು ಬಂದವರು ಏಳು ಮಂದಿ,
ಕಲಿಸುವವನು ನಾನು, ನಿವೃತ್ತ ಪೋಸ್ಟ್‌ಮ್ಯಾನ್,
ಮೂವತ್ತೊಂದು ವರ್ಷ ಇಂಗ್ಲಿಷಿನ ವಿಳಾಸ ಓದಿ
ನಾಲ್ಕು ಭಾಷೆಯ ಮನೆಗಳಿಗೆ ಹಂಚಿದವನು.

ಉದ್ದದ ಶಬ್ದಕ್ಕೆ ಹೆದರಬೇಡಿ, ಅಂದೆ.
ಹಲಸಿನ ಹಣ್ಣನ್ನು ಯಾರಾದರೂ ಇಡಿಯಾಗಿ ನುಂಗುತ್ತಾರೆಯೇ?
ಗಲ್ಲದ ಕೆಳಗೆ ಅಂಗೈ ಇಡಿ.
ಗಲ್ಲ ಎಷ್ಟು ಸಲ ಕೈಗೆ ತಾಗಿತೋ
ಅಷ್ಟು ಸೊಳೆ.
ಹಾಸ್. ಪಿ. ಟಲ್.
ಮೂರು, ಅಂದಳು ಖೈರುನ್ನೀಸ.
ಏಳು, ಅಂದರು ದೇಯಿಯಕ್ಕ;
ಬಾಯಲ್ಲಿ ವೀಳ್ಯವಿತ್ತು.

ಸ್ವರವೇ ಡ್ರೈವರು. ಒಬ್ಬ ಡ್ರೈವರಿಗೆ ಒಂದೇ ಜೀಪು.
ಸ್ಟ್ರೆಂತ್ ಎಂದು ಬರೆದೆ: ಎಂಟು ಅಕ್ಷರ,
ನಡುವೆ ಒಂಟಿ ಎಕಾರ.
'ನಮ್ಮ ಬದಿಯಡ್ಕದ ಜೀಪು ಸಾರ್,' ನಕ್ಕಳು ಫೆಲ್ಸಿ ಕ್ರಾಸ್ತಾ,
'ಮುಂದೆ ಮೂವರು, ಹಿಂದೆ ನಾಲ್ವರು ಜೋತು.'
ಚಪ್ಪಾಳೆ ಒಂದೇ. ಅದು ತಲೆಗೆ ಹೋಯಿತು.

ಹೋಗದೆ ಉಳಿದದ್ದು ನಮ್ಮ ಬಾಲ.
ಸ್ಕೂಲ್ ಅಂದರೆ ಇಸ್ಕೂಲು. ಬಸ್ ಅಂದರೆ ಬಸ್ಸು.
ವ್ಯಂಜನವನ್ನು ಬರಿಮೈಯಲ್ಲಿ ಬೀದಿಗೆ ಬಿಡಲು
ಕನ್ನಡದ ಬಾಯಿಗೆ ಮನಸ್ಸು ಬರುವುದಿಲ್ಲ,
ಒಂದು ಉಕಾರ ಹೊದೆಸಿಯೇ ಕಳಿಸುತ್ತದೆ.

ಹಾಗಿದ್ದರೆ ನಮ್ಮ ಜಿಲ್ಲೆಗೆ ಎಷ್ಟು?
ಕೇಳಿದ ಐತ್ತಪ್ಪ ನಾಯ್ಕ, ತಾನೇ ತಟ್ಟಿದ:
ಕಾ ಸ ರ ಗೋ ಡು. ಐದು.
ಸ್ಟೇಷನ್ನಿನ ಇಂಗ್ಲಿಷ್ ಬೋರ್ಡಿನಲ್ಲಿ ನಾಲ್ಕೇ, ಅಂದಳು ಫೆಲ್ಸಿ.
ಖೈರುನ್ನೀಸ ನಾಲ್ಕು ತಟ್ಟಿ
ಐದನೆಯದಕ್ಕೆ ಎತ್ತಿದ ಕೈಯನ್ನು
ಗಾಳಿಯಲ್ಲೇ ನಿಲ್ಲಿಸಿದಳು.
'ಮಲಯಾಳದಲ್ಲಿ ಕೊನೆಗೊಂದು ಅರೆ ಉ ಇದೆ ಸಾರ್,
ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.'
'ತುಳುವಿಗೂ ಉಂಟು ಅದು,' ದೇಯಿಯಕ್ಕ ಹೇಳಿದರು,
'ಅದಕ್ಕೆ ಚಪ್ಪಾಳೆ ಯಾಕೆ, ತುಟಿ ಸರಿದರೆ ಸಾಕು.'
ಹತ್ತು ನಿಮಿಷ ಜಗಳ.
ಈ ಎಲ್ಲ ಬಗೆಯಲ್ಲೂ ಬರೆದ ಕಾಗದ ಕಂಡವನು ನಾನು,
ಒಂದೂ ದಾರಿ ತಪ್ಪಿರಲಿಲ್ಲ. ಸುಮ್ಮನಿದ್ದೆ.

ಆಮೇಲೆ, ನಿಮಗೆ ಬೇಕಾದ ಶಬ್ದ ನೀವೇ ತನ್ನಿ, ಅಂದೆ.
ಪ್ಯಾರಾಸಿಟಮಾಲ್ ಬಂತು, ಐದು.
ಚಾಕಲೇಟ್ ಬಂತು, ಬರೆಯುವುದು ಮೂರು, ಹೇಳುವುದು ಎರಡು,
ನಡುವಿನ ತುಂಡು ಯಾರು ತಿಂದದ್ದು ಎಂದು ನಗು.
ಹಿಂದಿನ ಬೆಂಚಿನ ಸುಂದರಿ
ಚೀಲದಿಂದ ಮಡಚಿದ ಫಾರ್ಮ್ ತೆಗೆದು
ಬೆರಳಿಟ್ಟು ತೋರಿಸಿದಳು.
ಮಗ ಜೊತೆಗಿದ್ದ, ಮೀಸೆ ಚಿಗುರಿದವನು,
ಮೆಟ್ಟಿಲನ್ನು ಅವಳ ಸೊಂಟದ ಮೇಲೆ ಹತ್ತಿ ಬಂದವನು.

ಎನ್. ಡೋ. ಸಲ್. ಫಾನ್.
ನಾಲ್ಕು.
ಯಾರೂ ಗಲ್ಲಕ್ಕೆ ಕೈ ಇಡಲಿಲ್ಲ.
ಓದು ಬಾರದ ದೇಯಿಯಕ್ಕನೂ
ಇದೊಂದನ್ನು ಒಡೆಯದೆ, ತಡವರಿಸದೆ ಹೇಳಬಲ್ಲರು.
ಗೇರುಗುಡ್ಡದ ಮೇಲೆ ಹೆಲಿಕಾಪ್ಟರ್ ಸುತ್ತಿದ ವರ್ಷಗಳಲ್ಲಿ
ಅದಕ್ಕೆ ಬರೀ ಮದ್ದು ಅನ್ನುತ್ತಿದ್ದೆವು,
ಎರಡೇ ತುಂಡು.
ಬಾವಿ ಮುಚ್ಚಿಡಿ ಎಂಬ ಇಂಗ್ಲಿಷ್ ನೋಟೀಸು
ಹಂಚಿದ್ದೂ ನಾನೇ ಇರಬೇಕು,
ಓದಿ ಹೇಳಿದ ನೆನಪಿಲ್ಲ.

ಸುಂದರಿಯ ಬೆರಳು ಕೆಳಗಿನ ಸಾಲಿಗೆ ಸರಿಯಿತು.
ಸರ್. ಟಿ. ಫಿ. ಕೇಟ್.
ಇದಕ್ಕೂ ನಾಲ್ಕೇ, ಅಂದೆ.
ಅವಳು ಮಗನ ಎರಡೂ ಕೈ ಹಿಡಿದು
ಅವನ ಅಂಗೈಯಿಂದಲೇ ಮೆಲ್ಲಗೆ ತಟ್ಟಿಸಿದಳು:
ಸರ್ ಟಿ ಫಿ ಕೇ ಟು.
ಐದು.
ತಿದ್ದಲಿಲ್ಲ.

ಕೆಳಗೆ ರೇಷನ್ ಅಂಗಡಿಯವ ಷಟರ್ ಎಳೆದ.
ಹುಡುಗ ನಕ್ಕ, ಇನ್ನೊಮ್ಮೆ ಎಂಬ ಹಾಗೆ
ಕೈ ಚಾಚಿಯೇ ಇದ್ದ.